ಇನ್ನೂ ಕೂಡದ ಮೂಳೆ

ಬಂಡೂರಿಗೆ ಒಂದು ಕೂಗಳತೆಯಲ್ಲಿರುವ ಆ ಹಳ್ಳಿಯಲ್ಲಿ, ಹೊನ್ನಯ್ಯನ ಮನೆಯ ಹಿರಿಸೊಸೆಯಾದವಳು ರಾತ್ರಿ ಹೊರಗೆ ತಂಗುವಂತಿಲ್ಲ. ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಒಂದು ಚೊಂಬು ನೀರು ಜಗಲಿಯ ಮೇಲಿಟ್ಟು, ಬೀದಿ ಬಾಗಿಲಿಗೆ ಅಗುಳಿ ಹಾಕದೆ ಬರೀ ಒರಗಿಸಿ ಮಲಗಬೇಕು. ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ ಇಳಿದು ಬಂದ ಈ ಕಟ್ಟು ಈಗ ಹೊನ್ನಯ್ಯನ ಹೆಂಡತಿ ಇಂದ್ರಮ್ಮನ ಪಾಲಿಗಿತ್ತು.

ಕಟ್ಟು ಹಾಕಿಕೊಂಡವಳು ಚಿಕ್ಕಬೋರಮ್ಮ. ಸುಲ್ತಾನರ ಕಾಲದಲ್ಲಿ ಮಳವಳ್ಳಿ ಬಯಲಿನಲ್ಲಿ ಇಂಗ್ಲಿಷರ ದಂಡಿನ ಮೇಲೆ ಕಾಳಗವಾಯಿತಲ್ಲ, ಆಗ ಅವಳ ಗಂಡ ಹಿರಿಹೊನ್ನಯ್ಯ ಬಂದೂಕು ಹೊತ್ತು ಹೋದ. ಮನೆಯಲ್ಲಿ ಎರಡು ಮಕ್ಕಳಿದ್ದವು, ಹೊಟ್ಟೆಯಲ್ಲಿ ಇನ್ನೊಂದಿತ್ತು. ಕಾಳಗ ಮುಗಿಯಿತು, ರಾಜ್ಯವೇ ಕೈ ಬದಲಾಯಿತು, ಅವನು ಮಾತ್ರ ಬರಲಿಲ್ಲ. ಸತ್ತ ಎಂದವರುಂಟು, ಹೆಣ ಕಂಡೆ ಎಂದವರಿಲ್ಲ. ಹೆಣ ಕಾಣದೆ ಬಳೆ ಒಡೆಯುವುದಿಲ್ಲ ಎಂದು ಚಿಕ್ಕಬೋರಮ್ಮ ಕೂತುಬಿಟ್ಟಳು. ತಾನು ಕಣ್ಣು ಮುಚ್ಚುವಾಗ ಸೊಸೆಯ ಕೈ ಹಿಡಿದು, ಅವರು ಬಂದ ಹೊತ್ತಿಗೆ ಮನೆಯಲ್ಲಿ ನೀರು ಕೊಡಲು ಒಂದು ಹೆಣ್ಣಿರಬೇಕು ಎಂದು ಮಾತು ತೆಗೆದುಕೊಂಡಳು. ಅಂದಿನಿಂದ ಹಿರಿಹೊನ್ನಯ್ಯ ಆ ಮನೆಯಲ್ಲಿ ಸತ್ತವನಲ್ಲ, ಬರಬೇಕಾದವನು. ಮಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆಲ್ಲ ಎಡೆ ಬೀಳುತ್ತದೆ, ಅವನಿಗೆ ಬೀಳುವುದಿಲ್ಲ. ಬದುಕಿರುವವನಿಗೆ ಎಡೆ ಇಡುವುದುಂಟೆ?

ಇಂದ್ರಮ್ಮನ ತವರು ಮದ್ದೂರು. ತಾಯಿ ಹಾಸಿಗೆ ಹಿಡಿದಾಗ ಅವಳು ದಿನಾ ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ಹಿಂದಿರುಗುತ್ತಿದ್ದಳು. 'ಇವತ್ತೊಂದಿನ ಇದ್ಬುಡು ಮಗಾ' ಎಂದು ತಾಯಿ ಕೈಹಿಡಿದ ದಿನವೂ ಬೆರಳು ಬಿಡಿಸಿಕೊಂಡು ಬಸ್ಸು ಹತ್ತಿದಳು. ಅಂದೇ ರಾತ್ರಿ ತಾಯಿ ಹೋದಳು. ಇಂದ್ರಮ್ಮ ಅದನ್ನು ಗಂಡನ ಮುಂದೆ ದೂರಲಿಲ್ಲ, ಪಟ್ಟಲದಮ್ಮನ ಗುಡಿಯಲ್ಲಿ ನಿಂತು ದೇವಿಯ ಮುಂದೂ ದೂರಲಿಲ್ಲ. ಆದರೆ ಮಗ ಸ್ವರೂಪನ ಹೆಂಡತಿ ಕವಿತ ಮಂಡ್ಯದ ಆಸ್ಪತ್ರೆಯಲ್ಲಿ ನರ್ಸು. ವಾರ ಬಿಟ್ಟು ವಾರ ರಾತ್ರಿ ಪಾಳಿ. ಒಂದು ದಿನ ಸೊಪ್ಪು ಬಿಡಿಸುತ್ತಾ ಕವಿತ ತಲೆಯೆತ್ತದೆ ಕೇಳಿದ್ದಳು: "ನಿಮ್ಮ ಕಾಲ ಆದ್ಮೇಲೆ ಇದು ನನ್ ತಲೆಗೆ ಬತ್ತದಾ ಅತ್ತೆ?" ಅವತ್ತಿನಿಂದ ಇಂದ್ರಮ್ಮ ದೇವಿಯನ್ನು ಬೇಡುತ್ತಿದ್ದದ್ದು ಒಂದನ್ನೇ. ತಾಯಿ, ಇದು ನನ್ನ ಕೈಯಲ್ಲೇ ಮುಗಿಯಲಿ.

ಮುಗಿಯುವ ದಾರಿ ಮಣ್ಣೊಳಗಿಂದ ಬಂತು. ಕೆರೆಯ ಹಿಂದಿನ ಹೊಲಗಳಲ್ಲಿ ಕುಡಿಯುವ ನೀರಿನ ಪೈಪಿಗೆ ಕಾಲುವೆ ತೋಡುತ್ತಿದ್ದ ಜೆಸಿಬಿಯ ಹಲ್ಲಿಗೆ ಒಂದು ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆಯ ಹತ್ತಿರ ಸೀಸದ ಗುಂಡು, ಸೊಂಟದ ಬಳಿ ಹಿತ್ತಾಳೆಯ ಕೊಂಡಿ, ಬಂದೂಕಿಗೆ ಕಿಡಿ ಹೊಡೆಯುವ ಚಕಮಕಿ ಕಲ್ಲಿನ ಚೂರು. ಸುದ್ದಿ ಕೇಳಿದ್ದೇ ಇಂದ್ರಮ್ಮ ಮೊರ ಹಿಡಿದು ಹೊಲಕ್ಕೆ ಓಡಿದಳು. ಅಧಿಕಾರಿಗಳು ಬರುವಷ್ಟರಲ್ಲಿ ಮೂಳೆಗಳನ್ನೆಲ್ಲ ಮಡಿ ಬಟ್ಟೆಯಲ್ಲಿ ಮನೆಗೆ ತಂದಿದ್ದಳು. ಬಿಸಿಲಿನಿಂದ ಬಂದ ಗಂಡಸಿಗೆ ಹೇಗೋ ಹಾಗೆ, ಹಾಲು ಹಾಕಿ, ಅರಿಶಿನ ಹಚ್ಚಿ, ದೇವರ ಪಾತ್ರೆ ತಿಕ್ಕುವ ತೆಂಗಿನ ನಾರಿನಲ್ಲಿ ಒಂದೊಂದನ್ನೂ ಉಜ್ಜಿ ತೊಳೆದಳು. ತೊಳೆಯುತ್ತಾ ಅತ್ತಳು.

ತಾಲ್ಲೂಕು ಕಚೇರಿಯವರು ಆ ಮೂಳೆಗಳನ್ನು ಮಂಡ್ಯದ ಒಂದು ಪ್ರಯೋಗಾಲಯಕ್ಕೆ ಒಪ್ಪಿಸಿದರು. ಅಲ್ಲಿ ಹಳೆಯ ಮೂಳೆಗಳ ಪರೀಕ್ಷೆ ಮಾಡುತ್ತಿದ್ದವಳು ಬೇರೆ ಯಾರೂ ಅಲ್ಲ, ಅದೇ ಹಳ್ಳಿಯ ಕೆಳಗಲ ಬೀದಿಯ ಕೆಂಪಸಿದ್ದಯ್ಯ ಮೇಷ್ಟ್ರ ಮಗಳು ನಾಗಶ್ರೀ. ಈಗ ಮಂಡ್ಯದಲ್ಲೇ ಗುತ್ತಲಿನಲ್ಲಿ ಮನೆ ಮಾಡಿಕೊಂಡಿದ್ದಳು. ಹಳದಿ ಹಿಡಿದ ಮೂಳೆಗಳನ್ನು ಕಂಡು ಅವಳು ತಲೆ ಮೇಲೆ ಕೈ ಹೊತ್ತಳಂತೆ. ರಕ್ತಸಂಬಂಧ ಹೇಳುವ ಡಿಎನ್‌ಎ ನಮ್ಮ ಬಿಸಿಲಿಗೆ, ನಮ್ಮ ಮಣ್ಣಿಗೆ ಉಳಿಯುವುದೇ ಕಷ್ಟ, ಅದರ ಮೇಲೆ ಹಾಲು, ಅರಿಶಿನ ಹಾಕಿ ಉಜ್ಜಿದ್ದು ಬೇರೆ. ಹೊನ್ನಯ್ಯನ ಎಂಜಲು ತೆಗೆದುಕೊಂಡು ಹೋಲಿಸಲು ನೋಡಿದರು. ಮೂಳೆಯಲ್ಲಿ ಹೋಲಿಸಲು ಏನೂ ಉಳಿದಿರಲಿಲ್ಲ.

ಆದರೆ ಎರಡು ಗುರುತು ಸಿಕ್ಕವು. ಒಂದು, ಬಾಲ್ಯದಲ್ಲಿ ಕುಡಿದ ನೀರಿನ ಜಾಡು ಹಲ್ಲಿನೊಳಗೆ ಉಳಿಯುತ್ತದೆ. ಈ ಹಲ್ಲು ಈ ಸೀಮೆಯ ನೀರು ಕುಡಿದು ಬೆಳೆದದ್ದು ಎಂದು ಪರೀಕ್ಷೆ ಹೇಳಿತು. ಇನ್ನೊಂದು, ತಲೆಬುರುಡೆಯ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲುಗಳ ಅಕ್ಕಪಕ್ಕ ಇರಬೇಕಾದ ಚಿಕ್ಕ ಹಲ್ಲುಗಳೇ ಇಲ್ಲ. ಬಿದ್ದುಹೋದದ್ದಲ್ಲ, ಹುಟ್ಟಿಯೇ ಇಲ್ಲ. ದವಡೆಯ ಕೊನೆಯ ಹಲ್ಲೂ ಹುಟ್ಟಿಲ್ಲ. ಇದನ್ನು ಹೇಳಲು ಬಂದ ದಿನ ನಾಗಶ್ರೀ ಹೊನ್ನಯ್ಯ ನಕ್ಕದ್ದನ್ನು ನೋಡಿ ಮಾತು ನಿಲ್ಲಿಸಿದಳು. ಹೊನ್ನಯ್ಯನ ಬಾಯಲ್ಲಿ ಆ ಹಲ್ಲುಗಳಿಲ್ಲ. ಸ್ವರೂಪನಿಗಿಲ್ಲ. ಮೊಮ್ಮಗಳು ದೀಪಿಕಳಿಗೂ ಹಾಲುಹಲ್ಲು ಬಿದ್ದ ಮೇಲೆ ಅಲ್ಲಿ ಬರೀ ಸಂದಿ.

ಅಲ್ಲಿಗೆ ಊರಿಗೆಲ್ಲ ಹಬ್ಬ. ಹೊನ್ನಯ್ಯನ ತಮ್ಮನ ಮಗ ಶಶಿಧರ್ ಪಂಚಾಯ್ತಿ ಮೆಂಬರು. ಮಾಲಯ ಅಮಾವಾಸ್ಯೆಯ ದಿನವೇ ವೀರಯೋಧ ಹಿರಿಹೊನ್ನಯ್ಯನ ಸ್ಮಾರಕಕ್ಕೆ ಗುದ್ದಲಿಪೂಜೆ ಎಂದು ಸಾರಿಬಿಟ್ಟ. ರಸ್ತೆಗೆ ಅಡ್ಡಲಾಗಿ ಬ್ಯಾನರ್ ಕಟ್ಟಿಸಿದ. ಅದರಲ್ಲಿ ಹಿರಿಹೊನ್ನಯ್ಯನಿಗೆ ಕುದುರೆ, ಕತ್ತಿ, ಕಿವಿಯವರೆಗೆ ತಿರುವಿದ ಮೀಸೆ. ಕೆಳಗೆ ಶಶಿಧರನದೇ ದೊಡ್ಡ ಫೋಟೋ, ಕೈಮುಗಿದುಕೊಂಡು.

ಇಂದ್ರಮ್ಮ ಬ್ಯಾನರ್ ನೋಡಲಿಲ್ಲ. ಅವಳು ಅಮಾವಾಸ್ಯೆಯನ್ನು ನೋಡುತ್ತಿದ್ದಳು. ಅವತ್ತು ಹಿರಿಹೊನ್ನಯ್ಯನಿಗೆ ಮೊದಲನೇ ಎಡೆ. ಅವತ್ತು ಸಂಜೆ ಬಾಗಿಲಿಗೆ ಅಗುಳಿ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ನಾಗಶ್ರೀ ಬಂದಳು. ಕೈಯಲ್ಲಿ ಹತ್ತಿ ತುಂಬಿದ ಒಂದು ರಟ್ಟಿನ ಪೆಟ್ಟಿಗೆ. ಜಗಲಿಯ ಮೇಲೆ ಹೊನ್ನಯ್ಯ ನಾಳೆಯ ಹಬ್ಬಕ್ಕೆ ತಂದ ಬಂಡೂರು ಟಗರಿಗೆ ಸೊಪ್ಪು ಹಾಕುತ್ತಿದ್ದ. ಶಶಿಧರ್ ಫೋನಿನಲ್ಲಿ ಶಾಮಿಯಾನದವನನ್ನು ಬೈಯುತ್ತಿದ್ದ.

"ಏನ್ ಮೇಡಂ, ರಿಪೋರ್ಟ್ ತಂದ್ರಾ? ಕೊಡಿ, ನಾಳೆ ಸ್ಟೇಜ್ ಮ್ಯಾಲೆ ಓದ್ಸುವ" ಎಂದ ಶಶಿಧರ್.

"ಇನ್ನೂ ಬರ್ದಿಲ್ಲ ಶಶಿಧರಣ್ಣ. ಒಂದ್ ಅನುಮಾನ ಉಳ್ಕಂಡದೆ." ಅವಳು ಪೆಟ್ಟಿಗೆ ತೆರೆದು ಸೊಂಟದ ಮೂಳೆಯೊಂದನ್ನು ಎತ್ತಿಕೊಂಡಳು. ಇಂದ್ರಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. "ಹಿರಿಹೊನ್ನಯ್ಯನೋರು ಯುದ್ಧಕ್ಕೆ ಹೋದಾಗ ಮೂರನೇ ಮಗು ಹೊಟ್ಟೇಲಿತ್ತು ಅಂದ್ರಲ್ಲ. ಅಂದ್ರೆ ಕಮ್ಮಿ ಅಂದ್ರೂ ಇಪ್ಪತ್ತೈದು ವರ್ಷ. ಈ ದೇಹದ ವಯಸ್ಸು ಎಷ್ಟು ಅಂತ ನಂಗೆ ಖಾತ್ರಿ ಆಯ್ತಾ ಇಲ್ಲ."

"ಹಲ್ಲು ನೋಡಿ ಯೋಳಕಾಗಲ್ವಾ? ದನದ ಸಂತೇಲಿ ನಾವು ಯೋಳಕಿಲ್ವಾ?" ಎಂದ ಹೊನ್ನಯ್ಯ.

"ವಯಸ್ಸು ಹೇಳೋದು ಕೊನೇ ಹಲ್ಲು. ನಿಮ್ಮ ಮನೇಲಿ ಅದೇ ಹುಟ್ಟಲ್ವಲ್ಲ!" ನಾಗಶ್ರೀ ಒಂದು ಗಳಿಗೆ ನಕ್ಕಳು, ಮತ್ತೆ ಗಂಭೀರವಾದಳು. "ಕೈಕಾಲು ಮೂಳೆ ತುದಿಯೆಲ್ಲ ಜೆಸಿಬಿಗೆ ಸಿಕ್ಕಿ ಪುಡಿಯಾಗವೆ. ಉಳ್ದಿರೋದು ಇದೊಂದೇ." ಸೊಂಟದ ಮೂಳೆಯ ಮೇಲಂಚಿನ ಮೇಲೆ ಬೆರಳಾಡಿಸಿ ತೋರಿಸಿದಳು. "ಅಮ್ಮ, ಎಳೇ ಮರೀನ ಕುಯ್ದು ಬೇಯ್ಸಿದ್ರೆ ಮೂಳೆ ತುದಿ ಟೋಪಿ ತರ ಕಳಚ್ಕಂಡು ಬತ್ತದಲ್ಲ?"

"ಬತ್ತದೆ. ಬಲ್ತಿದ್ದಾದ್ರೆ ಬರಕಿಲ್ಲ" ಎಂದಳು ಇಂದ್ರಮ್ಮ.

"ಮನುಷ್ಯರಿಗೂ ಹಂಗೇ. ಹದಿನಾರು ಹದಿನೇಳರ ಹುಡುಗರಿಗೆ ಈ ಅಂಚು ಬೇರೆ ಒಂದು ತುಂಡಾಗಿರ್ತದೆ. ಇನ್ನೂ ಕೂಡಿರಲ್ಲ. ಇಪ್ಪತ್ಮೂರು ಇಪ್ಪತ್ನಾಲ್ಕರ ಹೊತ್ಗೆ ಕೂಡ್ಕಂಡು ಒಂದೇ ಮೂಳೆ ಆಗ್ಬುಡ್ತದೆ. ಇದ್ರಲ್ಲಿ ಅಂಚು ಇಲ್ಲ. ಮುರಿದು ಹೋಯ್ತಾ, ಇಲ್ಲಾ ಕೂಡಿರಲೇ ಇಲ್ವಾ? ನಾರು ಹಾಕಿ ಉಜ್ಜಿರೋದ್ರಿಂದ ಮೇಲ್ಮೈ ಸವೆದು ಏನೂ ತಿಳೀತಾ ಇಲ್ಲ."

ಇಂದ್ರಮ್ಮ ತನ್ನ ಅಂಗೈ ನೋಡಿಕೊಂಡಳು. ಉಜ್ಜಿದ ಕೈ ತನ್ನದೇ.

"ಹುಡುಗ ಅಂತೀಯಾ?" ಹೊನ್ನಯ್ಯ ಸೊಪ್ಪು ಕೆಳಗಿಟ್ಟ.

"ಅಂತಿಲ್ಲ. ಗೊತ್ತಿಲ್ಲ ಅಂತಿದ್ದೀನಿ. ಅಮ್ಮ, ತೊಳೆದಾಗ ತಳದಲ್ಲಿ ಚೂರುಪಾರು ಉಳಿದಿತ್ತಾ? ಆ ಹಾಲು ಎಲ್ಲಿ ಚೆಲ್ಲಿದ್ರಿ?"

ಇಂದ್ರಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಹಿತ್ತಾಳೆಯ ಹರಿವಾಣ, ಹಳದಿ ಹಾಲು, ತಳದಲ್ಲಿ ಸುಣ್ಣದ ಚಕ್ಕೆಯಂಥ ಏನೋ. ಯಾರೂ ತುಳಿಯದಿರಲಿ ಎಂದು ಹಿತ್ತಲ ತೆಂಗಿನ ಬುಡಕ್ಕೆ ಸುರಿದು, ಮೇಲೆ ಒಂದು ಬೊಗಸೆ ಮಣ್ಣು ಎಳೆದಿದ್ದಳು. ಹೇಳಿದಳು.

"ಜರಡಿ ಇದ್ರೆ ಕೊಡಿ" ಎಂದು ನಾಗಶ್ರೀ ಎದ್ದಳು.

ಶಶಿಧರನ ಮುಖ ಗಂಟಾಯಿತು. "ಮೇಡಂ, ಸುಮ್ಕೆ ಬುಡಿ. ಊರು ನಮ್ದು, ನೀರು ನಮ್ದು, ಹಲ್ಲು ನಮ್ದು. ಇನ್ನೇನ್ ಬೇಕು? ವಯಸ್ಸು ಕಟ್ಕಂಡು ಏನಾಗ್ಬೇಕು? ಎಮ್ಮೆಲ್ಲೇನ ಕರೆದಿದ್ದೀನಿ ನಾಳೆಗೆ."

"ನಾನು ಬರೀಬೇಕಾದ್ದು ಹೆಸರಲ್ಲ ಶಶಿಧರಣ್ಣ, ಮೂಳೆ ಹೇಳಿದ್ದು."

"ಓಹೋ! ನಮ್ ಮನೆ ಹಿರೀಕನ ವಯಸ್ಸ ಕೆಂಪಸಿದ್ದಯ್ಯನ ಮಗಳು ಯೋಳ್ಬೇಕಾ ನಮ್ಗೆ?"

ನಾಗಶ್ರೀ ಪೆಟ್ಟಿಗೆಯ ಮುಚ್ಚಳ ಹಾಕಿದಳು, ಅವನತ್ತ ನೋಡಲಿಲ್ಲ. ಹಿತ್ತಲಿಗೆ ಹೋಗಬೇಕಾದರೆ ನಡುಮನೆ ದಾಟಬೇಕು, ಇಲ್ಲವೆ ಬೀದಿ ಸುತ್ತಿ ಕೊಟ್ಟಿಗೆಯ ಸಂದಿಯಿಂದ ಬರಬೇಕು. ಅವಳು ಮೆಟ್ಟಿಲಿಳಿದು ಬೀದಿಯ ಕಡೆ ತಿರುಗಿದಳು.

"ಎತ್ಲಾಗೆ ಹೊಂಟೆ ನಾಗಶ್ರೀ?" ಇಂದ್ರಮ್ಮ ಕರೆದಳು. "ನಡುಮನೇಲೇ ಬಾ. ಇಂಗೇ ದಾರಿ."

"ದೊಡ್ಡವ್ವಾ..." ಎಂದ ಶಶಿಧರ್.

"ನೀನ್ ಸುಮ್ಕಿರ್ಲಾ. ನಿಮ್ಮಪ್ಪನಿಗೆ ಮಗ್ಗಿ ಬಾಯಿಪಾಠ ಮಾಡ್ಸಿದ್ದು ಕೆಂಪಸಿದ್ದಯ್ಯ ಮೇಷ್ಟ್ರು. ಅದೂ ನಿಮ್ಮಪ್ಪಂಗೆ ಐದರ ತಂಕ ಬಂತು, ಆರು ಬರ್ಲಿಲ್ಲ."

ಹೊನ್ನಯ್ಯ ನಗು ತಡೆಯಲಾರದೆ ಕೆಮ್ಮಿದ. ನಾಗಶ್ರೀ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅವಳ ತಂದೆ ಆ ಜಗಲಿಯ ತನಕ ಎಷ್ಟೋ ಸಲ ಬಂದಿದ್ದರು, ಒಳಗೆ ಬಂದಿರಲಿಲ್ಲ. ಇಬ್ಬರು ಹೆಂಗಸರಿಗೂ ಅದು ಗೊತ್ತಿತ್ತು. ಅದನ್ನು ಆಡದೆಯೇ ನಡುಮನೆ ದಾಟಿ ಹಿತ್ತಲಿಗೆ ಹೋದರು.

ತೆಂಗಿನ ಬುಡದ ಮಣ್ಣು ಇಬ್ಬನಿಗೆ ತೊಯ್ದು ಮೆತ್ತಗಿತ್ತು. ನಾಗಶ್ರೀ ಒಂದು ಕಡೆ, ಇಂದ್ರಮ್ಮ ಇನ್ನೊಂದು ಕಡೆ, ಒಬ್ಬೊಬ್ಬರಿಗೂ ಒಂದೊಂದು ಜರಡಿ. ಮಣ್ಣು ಎತ್ತುವುದು, ಮೆಲ್ಲಗೆ ಅಲ್ಲಾಡಿಸುವುದು, ಉಳಿದದ್ದನ್ನು ಬೆರಳಲ್ಲಿ ಹರಡಿ ನೋಡುವುದು. ಬೇರಿನ ತುಂಡು, ಇರುವೆ, ಗಾಜಿನ ಬಳೆಯ ಚೂರು. ಹೊನ್ನಯ್ಯ ಬಂದು ಬಚ್ಚಲ ಕಲ್ಲಿನ ಮೇಲೆ ಕೂತ. ಶಶಿಧರ್ ಬಾಗಿಲಿಗೆ ಒರಗಿ ನಿಂತ.

"ಕೂಡದೇ ಇರೋ ತುಂಡಾದ್ರೆ ಎಂಗಿರ್ತದೆ?" ಇಂದ್ರಮ್ಮ ಕೇಳಿದಳು. ತನ್ನ ದನಿ ತನಗೇ ಬೇರೆಯವರದೆನಿಸಿತು.

"ಬಿದಿಗೆ ಚಂದ್ರನ ತರ ಬಾಗಿರ್ತದೆ. ಮುರಿದ ಮೂಳೆಯಾದ್ರೆ ಒಡೆದ ಕಡೆ ಜೇನುಗೂಡಿನ ಹಂಗೆ ತೂತುತೂತು. ಕೂಡದೇ ಇರೋದಾದ್ರೆ ಒಳಮೈ ನುಣ್ಣಗೆ, ಹೊಳೆ ಮರಳ ಮೇಲೆ ಅಲೆ ಗುರುತು ಮೂಡಿರ್ತದಲ್ಲ, ಹಂಗೆ."

ಬಿಸಿಲು ತೆಂಗಿನ ಗರಿಯಿಂದ ಇಳಿದು ಅವರ ಬೆನ್ನ ಮೇಲೆ ಬಂತು. ಎರಡು ಜರಡಿಗಳ ಸರಸರ ಮಾತ್ರ. ಇಂದ್ರಮ್ಮ ಬಾಯಲ್ಲಿ ಪಟ್ಟಲದಮ್ಮನನ್ನು ನೆನೆಯುತ್ತಿದ್ದಳು. ಏನೆಂದು ಬೇಡಬೇಕು ಎಂಬುದೇ ತಿಳಿಯಲಿಲ್ಲ. ಸಿಗಲಿ ಎನ್ನಲೇ, ಸಿಗದಿರಲಿ ಎನ್ನಲೇ? ಬರೀ 'ತಾಯಿ, ತಾಯಿ' ಎನ್ನುತ್ತಿದ್ದಳು.

ಕೊನೆಗೆ ನಾಗಶ್ರೀ ಬೆನ್ನು ನೇರ ಮಾಡಿದಳು. "ನನ್ ಕಡೆ ಏನೂ ಇಲ್ಲ. ನಿಮ್ ಕಡೆ ಇರೋದಷ್ಟು ನೋಡ್ಬುಡಿ ಅಮ್ಮ. ಸಿಗ್ದಿದ್ರೆ ಬೆಳೆದ ಗಂಡಸು, ವಯಸ್ಸು ಹೇಳಕ್ಕಾಗಲ್ಲ ಅಂತ ಬರೀತೀನಿ. ಅದೂ ಸುಳ್ಳಲ್ಲ."

"ಅಷ್ಟು ಬರೀರಿ ಸಾಕು. ಆಮೇಕಿಂದ ನಾವ್ ನೋಡ್ಕತೀವಿ" ಎಂದ ಶಶಿಧರ್. ಅವನ ದನಿ ಆಗಲೇ ಹಗುರವಾಗಿತ್ತು.

ನಾಗಶ್ರೀ ಕೈ ತೊಳೆಯಲು ತೊಟ್ಟಿಯ ಕಡೆ ಹೋದಳು. ಇಂದ್ರಮ್ಮ ಕೊನೆಯ ಬೊಗಸೆ ಮಣ್ಣನ್ನು ಜರಡಿಗೆ ಹಾಕಿ ಅಲ್ಲಾಡಿಸಿದಳು. ಮಣ್ಣು ಉದುರಿತು. ಜರಡಿಯ ತಳದಲ್ಲಿ ಹಳದಿಯಾದದ್ದೊಂದು ಉಳಿಯಿತು. ಕಿರುಬೆರಳ ಉದ್ದ, ಬಿದಿಗೆ ಚಂದ್ರನ ಬಾಗು.

ಅವಳು ಅದನ್ನು ಮಗುಚಿದಳು. ಒಳಮೈ ನುಣ್ಣಗಿತ್ತು. ಮರಳ ಮೇಲಿನ ಅಲೆಗಳು.

ಕೈ ತಾನಾಗಿ ಮುಚ್ಚಿಕೊಂಡಿತು.

ಯಾರೂ ನೋಡಿರಲಿಲ್ಲ. ಹೊನ್ನಯ್ಯ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದ. ಶಶಿಧರ್ ಮತ್ತೆ ಫೋನು ಕಿವಿಗಿಟ್ಟಿದ್ದ. ನಾಗಶ್ರೀ ಬೆನ್ನು ತಿರುಗಿಸಿ ನೀರು ಮೊಗೆಯುತ್ತಿದ್ದಳು. ಮುಷ್ಟಿಯಲ್ಲಿದ್ದದ್ದನ್ನು ಹಾಗೇ ಮಣ್ಣಿಗೆ ಜಾರಿಸಿದರೆ ಸಾಕು, ಕಾಲಲ್ಲಿ ಒಂದಿಷ್ಟು ಮಣ್ಣು ಎಳೆದರೆ ಸಾಕು. ನಾಳೆ ಹಿರಿಹೊನ್ನಯ್ಯನಿಗೆ ಎಡೆ. ಚಿಕ್ಕಬೋರಮ್ಮನ ಬಳೆಗೆ ಒಂದು ಕೊನೆ. ಕವಿತ ಯಾವ ರಾತ್ರಿ ಎಲ್ಲಿದ್ದರೂ ಕೇಳುವವರಿಲ್ಲ. ಅವಳ ತಾಯಿಗೆ ಏನಾದರೂ ಆದರೆ ಅವಳು ಹಾಸಿಗೆಯ ಪಕ್ಕ ಬೆಳಗಿನ ತನಕ ಕೂತಿರಬಹುದು. ಯಾರೂ ಬೆರಳು ಬಿಡಿಸಿಕೊಂಡು ಬಸ್ಸಿಗೆ ಓಡಬೇಕಾಗಿಲ್ಲ. ಇಷ್ಟಕ್ಕೂ ಇದರಿಂದ ಯಾರಿಗೆ ನಷ್ಟ? ಇನ್ನೂರು ಚಿಲ್ಲರೆ ವರ್ಷದ ಹಿಂದಿನ ಮಾತು.

ತಾಯಿ ಪಟ್ಟಲದಮ್ಮ, ಬೇಡಿದ್ದನ್ನು ನೀನೇ ನನ್ನ ಕೈಗೆ ಹಾಕಿದ್ದೀಯಲ್ಲ, ಎಂದುಕೊಂಡಳು.

ಆ ತುಂಡು ಅಂಗೈಯಲ್ಲಿ ಒತ್ತುತ್ತಿತ್ತು. ತುಂಬಾ ಹಗುರ. ಸ್ವರೂಪನಿಗೆ ಹದಿನಾರಾದಾಗ ಅವನ ಸೊಂಟ ಹೇಗಿತ್ತೆಂದು ಅವಳಿಗೆ ಗೊತ್ತು. ಚಡ್ಡಿ ನಿಲ್ಲುತ್ತಿರಲಿಲ್ಲ, ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡುತ್ತಿದ್ದ. ಅವತ್ತು ಹರಿವಾಣದಲ್ಲಿ ಹಾಲು ಹಾಕಿ ತಾನು ಉಜ್ಜಿದ್ದು ಅಂಥ ಸೊಂಟವನ್ನು. ಮನೆಗೆ ಬಂದ ಮಾವನೆಂದು ತಲೆಯ ಮೇಲೆ ಸೆರಗು ಹೊದ್ದು ಅತ್ತಿದ್ದಳು. ಮಾವನಲ್ಲ. ಯಾವುದೋ ಹುಡುಗ. ಕೆರೆಯ ಹಿಂದೆ, ಈ ಮನೆಯ ಹೊಗೆ ಕಾಣುವಷ್ಟು ಹತ್ತಿರದಲ್ಲಿ, ಬೆನ್ನಲ್ಲಿ ಗುಂಡು ಇಟ್ಟುಕೊಂಡು ಬಿದ್ದಿದ್ದ. ಜಗಲಿಯ ಮೇಲೆ ದಿನಾ ನೀರಿತ್ತು. ಅದು ಇವನಿಗಾಗಿ ಇಟ್ಟ ನೀರಲ್ಲ. ಹಲ್ಲು ಈ ಮನೆಯದೇ ಆದರೆ ಇವನನ್ನು ಹಡೆದವಳೂ ಇದೇ ಮನೆಯಲ್ಲಿ ಇದ್ದಿರಬೇಕು. ಅವಳು ಸೊಸೆಯಿಂದ ಯಾವ ಮಾತನ್ನೂ ತೆಗೆದುಕೊಳ್ಳಲಿಲ್ಲವೆ, ಅಥವಾ ಯಾರೂ ಕೊಡಲಿಲ್ಲವೆ?

"ಅಮ್ಮಾ, ಮುಗೀತಾ?" ನಾಗಶ್ರೀ ಸೆರಗಿ‌ನಲ್ಲಿ ಕೈ ಒರೆಸಿಕೊಳ್ಳುತ್ತಾ ತಿರುಗಿದಳು.

ಇಂದ್ರಮ್ಮ ಎದ್ದು ನಿಂತಳು. ನಾಗಶ್ರೀ ಅವಳ ಮುಖ ನೋಡಿದಳು, ಆಮೇಲೆ ಮುಷ್ಟಿ ನೋಡಿದಳು. ನಿಂತಲ್ಲೇ ನಿಂತಳು.

"ತಗಳವ್ವ" ಎಂದು ಇಂದ್ರಮ್ಮ ಕೈ ಬಿಚ್ಚಿದಳು.

ಹೊನ್ನಯ್ಯ ಎದ್ದುಬಂದ. ಶಶಿಧರ್ ಫೋನು ಕಿವಿಯಿಂದ ತೆಗೆದ. ನಾಗಶ್ರೀ ತುಂಡನ್ನು ಮೆತ್ತಗೆ ಕುಂಚದಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಪೆಟ್ಟಿಗೆಯಿಂದ ಸೊಂಟದ ಮೂಳೆ ತೆಗೆದು ಅಂಚಿಗೆ ಹೊಂದಿಸಿದಳು. ನಾರು ತಾಕದೆ ಉಳಿದಿದ್ದ ಒಂದು ಮೂಲೆಯಲ್ಲಿ ಅಲೆಯೊಳಗೆ ಅಲೆ ಕೂತಿತು. ಬಿಟ್ಟರೆ ಕಳಚಿತು.

"ಹದಿನಾರು, ಹದಿನೇಳು" ಎಂದಳು ಸಣ್ಣ ದನಿಯಲ್ಲಿ. "ಹದಿನೆಂಟು ದಾಟಿರಕ್ಕಿಲ್ಲ."

"ನಮ್ ಮನೆಯೋನು ಅಲ್ವಾ ಅಂಗಾರೆ?" ಹೊನ್ನಯ್ಯ ಕೇಳಿದ.

"ಹಲ್ಲು ನಿಮ್ಮನೆದು ಅಂತದೆ, ನೀರು ಈ ಊರಿಂದು ಅಂತದೆ. ಅದನ್ನೂ ನೂರಕ್ಕೆ ನೂರು ಅಂತ ನಾನು ಹೇಳಲಾರೆ. ಆದ್ರೆ ಮೂರು ಮಕ್ಕಳ ತಂದೆ ಅಲ್ಲ. ಅದು ಖಂಡಿತ."

"ಯಾರ್ ಮತ್ತೆ? ಹಿರಿಹೊನ್ನಯ್ಯಂಗೆ ತಮ್ಮ ಇದ್ದ ಅಂತ ನಾನ್ ಕೇಳೇ ಇಲ್ಲ. ನಮ್ಮಪ್ಪ ಎಡೆ ಇಕ್ಕುವಾಗ ಕೂಗ್ತಿದ್ದ ಹೆಸರುಗಳಲ್ಲಿ ಇಲ್ಲ." ಹೊನ್ನಯ್ಯ ತಾನೇ ಆಡಿದ ಮಾತಿಗೆ ತಾನೇ ನಿಂತ. ಬಾಯಿ ಅರ್ಧ ತೆರೆದಿತ್ತು, ಹಲ್ಲಿನ ಸಂದಿ ಕಾಣುತ್ತಿತ್ತು. "ಎಲ್ಲಿ ಇದ್ದಾತು? ಮದ್ವೆ ಆಗ್ದೇ ವೋದೋರ್ಗೆ ನಾವು ಸಾಲಲ್ಲಿ ಎಡೆ ಇಡಕಿಲ್ವಲ್ಲ. ಸಾಲಲ್ಲಿ ಇಲ್ದಿದ್ರೆ ಹೆಸರೂ ಇಲ್ಲ."

ಅಲ್ಲಿಗೆ ಎಲ್ಲರಿಗೂ ತಿಳಿಯಿತು. ಈ ಮನೆಯ ನೆನಪು ಎಡೆಯ ಸಾಲಿನಲ್ಲಿತ್ತು. ಸಾಲಿಗೆ ಬರಬೇಕಾದರೆ ಹೆಂಡತಿ ಇರಬೇಕು, ಮಗ ಇರಬೇಕು. ಹಿರಿಹೊನ್ನಯ್ಯನಿಗೆ ಕಾಯಲು ಚಿಕ್ಕಬೋರಮ್ಮ ಇದ್ದಳು. ಅಣ್ಣನ ಹಿಂದೆಯೋ, ದಾಯಾದಿಯೊಬ್ಬನ ಹಿಂದೆಯೋ ಓಡಿಹೋದ ಹುಡುಗನಿಗೆ ಯಾರಿದ್ದರು?

ಶಶಿಧರನಿಗೆ ಮಾತ್ರ ಅದು ತಿಳಿಯಲು ಇಷ್ಟವಿರಲಿಲ್ಲ. "ಇದ್ ಈ ಹಿತ್ತಲಲ್ಲೇ ಇರ್ಲಿ. ಯಾರ್ಗ್ ಗೊತ್ತಾದದು? ಮೇಡಂ, ನಾಳೆ ಒಂದಿನ ಕಳೀಲಿ, ಆಮೇಲೆ ಬರ್ಕಳಿ. ಬ್ಯಾನರೆಲ್ಲ ಹೊಡ್ಸಾಗದೆ."

"ನಿನ್ ಬ್ಯಾನರ್‌ನಾಗೆ ಅಷ್ಟುದ್ದ ಮೀಸೆ ಬರ್ಸಿದ್ದೀಯ" ಎಂದ ಹೊನ್ನಯ್ಯ. ಅವನ ಕಣ್ಣು ಆ ಹಳದಿ ತುಂಡಿನ ಮೇಲೇ ಇತ್ತು. "ಇವ್ನಿಗೆ ಮೀಸೆ ಚಿಗುರಿತ್ತೋ ಇಲ್ವೋ ಕಣ್ಲಾ."

"ದೊಡ್ಡಪ್ಪಾ, ನನ್ ಮರ್ಯಾದೆ ವೋಯ್ತದೆ."

"ವೋಗ್ಲಿ ಬುಡು. ಎಮ್ಮೆಲ್ಲೆಗೆ ಫೋನ್ ಮಾಡಿ ದೊಡ್ಡಪ್ಪಂಗೆ ಉಸಾರಿಲ್ಲ ಅನ್ನು. ಬೇಕಾದ್ರೆ ನಾನ್ ಮಲೀಕತೀನಿ."

ಶಶಿಧರ್ ಬಾಗಿಲಿಗೆ ಒಂದು ಏಟು ಹೊಡೆದು ಹೊರಟುಹೋದ. ಸ್ವಲ್ಪ ಹೊತ್ತಿನ ಮೇಲೆ ಬೀದಿಯಲ್ಲಿ ಅವನು ಬ್ಯಾನರಿನ ಹಗ್ಗ ಬಿಚ್ಚಿಸುತ್ತಿರುವ ಸದ್ದು ಕೇಳಿತು. ಬೈಗುಳವೂ ಕೇಳಿತು.

ನಾಗಶ್ರೀ ಮೂಳೆಗಳನ್ನು ಹತ್ತಿಯೊಳಗೆ ಮಲಗಿಸಿದಳು. ಕಚೇರಿಯ ಒಪ್ಪಿಗೆ ಬಂದ ಮೇಲೆ ಮಣ್ಣಿಗೆ ಒಪ್ಪಿಸುವುದಾಗಿ ಹೇಳಿದಳು. ಹೊರಡುವಾಗ ನಡುಮನೆಯಲ್ಲಿ ಒಂದು ಗಳಿಗೆ ನಿಂತಳು. "ಅಮ್ಮ, ಅದು ನಿಮ್ಮ ಕೈಗೆ ಸಿಕ್ಕಿ ಎಷ್ಟೊತ್ತಾಗಿತ್ತು?"

"ಕೇಳ್ಬ್ಯಾಡ ಕಣವ್ವ" ಎಂದಳು ಇಂದ್ರಮ್ಮ. "ಕಾಪಿ ಕುಡ್ಕಂಡು ವೋಗು."

ನಾಗಶ್ರೀ ಒಲೆಯ ಮುಂದಿನ ಮಣೆಯ ಮೇಲೆ ಕೂತು ಕಾಫಿ ಕುಡಿದು ಹೋದಳು.

ಸಂಜೆ ಕವಿತ ಪಾಳಿಗೆ ಹೊರಡಲು ಸಿದ್ಧಳಾಗಿ, ಸೀರೆಯ ಪಿನ್ನು ಸಿಕ್ಕಿಸಿಕೊಳ್ಳುತ್ತಾ ಬಂದಳು. ಸುದ್ದಿಯೆಲ್ಲ ಅವಳಿಗೆ ಮುಟ್ಟಿತ್ತು. ಇಂದ್ರಮ್ಮ ಚೊಂಬಿಗೆ ನೀರು ತುಂಬುತ್ತಿದ್ದಳು. ಎಂದಿನ ಕೈ, ಎಂದಿನ ಚೊಂಬು. ಕವಿತ ಆ ಚೊಂಬಿನ ಕಡೆ ನೋಡಿದಳು.

"ಅಂದ್ರೆ ಇದಿನ್ನೂ ಮುಗೀಲಿಲ್ಲ."

"ಇಲ್ಲ."

"ನೀವು ಕೊಡ್ದೇ ಇದ್ದಿದ್ರೆ ಮುಗೀತಿತ್ತಂತೆ. ಮಾವ ಅಂದ್ರು."

"ನಿಮ್ ಮಾವನ ಬಾಯಿಗೆ ಬೀಗ ಇಲ್ಲ." ಇಂದ್ರಮ್ಮ ಚೊಂಬನ್ನು ಕೆಳಗಿಟ್ಟಳು. "ಮುಗೀತಿತ್ತು ಕಣಮ್ಮ. ಆ ಉಡ್ಗನ್ನ ತುಳುದು ಮುಗೀತಿತ್ತು. ಅವ್ನಿಗೆ ಇನ್ನೊಬ್ಬನ ಹೆಸ್ರು ಮೆತ್ತಿ, ಇನ್ನೊಬ್ಬನ ಎಡೆ ತಿನ್ನು ಅಂದು... ನನ್ ಕೈಲಿ ಆಗ್ಲಿಲ್ಲ. ನಿಂಗೆ ಕೋಪ ಬಂದ್ರೆ ಬರ್ಲಿ."

ಕವಿತ ಸಿಕ್ಕಿಸಿದ್ದ ಪಿನ್ನನ್ನು ಮತ್ತೆ ಬಿಚ್ಚಿದಳು.

"ಕೇಳು. ಚಿಕ್ಕಬೋರಮ್ಮ ಸೊಸೆ ಕೈಲಿ ಮಾತು ತಗಂಡ್ಳು. ನಮ್ಮತ್ತೆ ನನ್ ಕೈಲಿ ತಗಂಡ್ರು. ನಾನು ನಿನ್ ಕೈಲಿ ತಗಳಕಿಲ್ಲ. ನಾನಿರೋ ಗಂಟ ನಾನ್ ಕಾಯ್ತೀನಿ. ಕೊಟ್ಟ ಮಾತು ನಂದು. ನಾನ್ ವೋದ ದಿನ ನೀನು ಬಾಗ್ಲು ಹಾಕ್ಕೊ. ಪಾಪ ಬಂದ್ರೆ ನಂಗೆ ಬರ್ಲಿ, ನಾನ್ ಅಲ್ಲಿ ಅವರೆಲ್ಲರ ಮುಂದೆ ಯೋಳ್ಕತೀನಿ."

ಕವಿತಳ ಕೈಯಲ್ಲಿ ಪಿನ್ನು ಹಾಗೇ ಇತ್ತು. "ಅತ್ತೆ, ನೀವು ಒಂದಿನ ಮದ್ದೂರ್ಗೆ ವೋಗಿ ಇದ್ದು ಬನ್ನಿ. ಅವತ್ತೊಂದಿನ ನೀರು ನಾನಿಡ್ತೀನಿ, ರಜ ಹಾಕಿ. ಮಾತು ಗೀತು ಇಲ್ಲ. ಸುಮ್ನೆ."

ಇಂದ್ರಮ್ಮ ಚೊಂಬನ್ನು ಎತ್ತಿಕೊಂಡಳು. "ಬಸ್ಸು ವೋಗ್ಬುಡ್ತದೆ, ನಡಿ" ಎಂದಳು.

ಮಾರನೆಯ ದಿನ ಅಮಾವಾಸ್ಯೆ. ನಡುಮನೆಯಲ್ಲಿ ಸಾರಿಸಿದ ನೆಲದ ಮೇಲೆ ಬಾಳೆಲೆಗಳ ಸಾಲು. ಒಂದೊಂದು ಎಲೆಗೂ ಮುದ್ದೆ, ಟಗರಿನ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ, ಪುಟ್ಟ ಲೋಟದಲ್ಲಿ ಬ್ರಾಂದಿ. ಇಂದ್ರಮ್ಮ ಸಾಲಿನ ಕೊನೆಗೆ ಇನ್ನೊಂದು ಎಲೆ ಹಾಸಿ ಬಡಿಸಿದಳು.

ಹೊನ್ನಯ್ಯ ಧೂಪದ ಕೆಂಡ ಹಿಡಿದು ಬಂದವನು ನೋಡಿದ. "ಸಾಲಲ್ಲೇ ಇಟ್ಬುಟ್ಟಾ ಅಮ್ಮಿ? ಮದ್ವೆ ಆಗ್ದೋರ್ಗೆ ಈಚೆ ಪಡಸಾಲೇಲಿ, ಹೆಸ್ರು ಕೂಗ್ದೆ ಇಡೋದು ಪದ್ಧತಿ."

"ಈಚೆ ಇದ್ದಿದ್ ಸಾಕು."

ಹೊನ್ನಯ್ಯ ಆ ಎಲೆಯ ಮುಂದೆ ಬಗ್ಗಿ ನೋಡಿದ. ಆಮೇಲೆ ಹುಬ್ಬು ಗಂಟಿಕ್ಕಿದ. "ಮಗೀಗೆ ಬ್ರಾಂದಿ ಇಟ್ಟಿದ್ದೀಯಲ್ಲ, ಬುದ್ಧಿ ಇಲ್ವಾ ನಿಂಗೆ? ತೆಗಿ. ಬೀಡೀನೂ ತೆಗಿ."

ಇಂದ್ರಮ್ಮ ಎರಡನ್ನೂ ತೆಗೆದು, ಅಡುಗೆಮನೆಯಿಂದ ಒಂದು ಅಚ್ಚು ಬೆಲ್ಲ ತಂದು ಎಲೆಯ ತುದಿಗಿಟ್ಟಳು. ಹೊನ್ನಯ್ಯ ಸಾಂಬ್ರಾಣಿ ಹಾಕಿ, ಮೊದಲ ಎಲೆಯಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾ ಬಂದ. ಅಪ್ಪ, ಅಜ್ಜ, ಮುತ್ತಜ್ಜ, ಅವರವರ ಹೆಂಡತಿಯರು. ಚಿಕ್ಕಬೋರಮ್ಮನನ್ನು ಕರೆದ. ಕೊನೆಯ ಎಲೆಯ ಮುಂದೆ ಬಂದು ಅವನ ಬಾಯಿ ನಿಂತಿತು. ಹೆಂಡತಿಯ ಕಡೆ ತಿರುಗಿದ. "ಏನಂತ ಕರೀಲಿ?"

ಎಡೆಗೆ ಕರೆಯುವುದು ಗಂಡಸರ ಕೆಲಸ. ಇಂದ್ರಮ್ಮ ಇಷ್ಟು ವರ್ಷ ಒಂದು ಸಲವೂ ಬಾಯಿ ತೆರೆದವಳಲ್ಲ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಆ ಎಲೆಯ ಮುಂದೆ ಬಗ್ಗಿದಳು. ಹೊಗೆ ಕಣ್ಣಿಗೆ ಬರುತ್ತಿತ್ತು.

"ಬಾರಪ್ಪ ಮೈದ್ನಾ" ಎಂದಳು. "ಕೂತ್ಕೊ, ಉಣ್ಣು. ನಾಚ್ಕಬ್ಯಾಡ."